ನನ್ನ ಗರಗಸ ವಾದ್ಯವಾದದ್ದು

ನೀವೇನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, ಸಂಗೀತಗಾರ ಎಂದು ನಾನು ಧೈರ್ಯವಾಗಿಯೇ ಹೇಳುತ್ತೇನೆ. ಕೇಳಿದವರ ಮುಖ ಅರಳುತ್ತದೆ. ಯಾವ ವಾದ್ಯ ಎನ್ನುತ್ತಾರೆ. ಗರಗಸ ಎನ್ನುತ್ತೇನೆ. ಅರಳಿದ ಮುಖ ಅಲ್ಲೇ ನಿಂತು, ಇದು ತಮಾಷೆಯೋ ತಮ್ಮ ಕಿವಿಯ ದೋಷವೋ ಎಂದು ಒಂದು ಕ್ಷಣ ಯೋಚಿಸಿ, ಕೊನೆಗೆ ಹವಾಮಾನದ ಕಡೆ ಹೊರಳುತ್ತದೆ. ಮೂವತ್ತೊಂದು ವರ್ಷಗಳಿಂದ ಇದೇ ಕಥೆ. ನಮ್ಮ ರಾಯ್ಟ್‌ಲಿಂಗೆನ್ ಊರಿನಲ್ಲಿ ಮಳೆ ಮೋಡಗಳ ಬಗ್ಗೆ ನನ್ನಷ್ಟು ಮಾತಾಡಿದ ಕಲಾವಿದ ಇನ್ನೊಬ್ಬನಿರಲಾರ.

ಗರಗಸವೆಂದರೆ ಗರಗಸವೇ. ಬಡಗಿಯ ಕೈಯಲ್ಲಿರುತ್ತದಲ್ಲ, ಅದೇ. ಹಿಡಿಯನ್ನು ಎರಡು ಮಂಡಿಗಳ ನಡುವೆ ಅಮುಕಿಕೊಂಡು, ತುದಿಯನ್ನು ಎಡಗೈಯಿಂದ ಬಾಗಿಸಿ, ಹಲ್ಲಿಲ್ಲದ ಬೆನ್ನಿನ ಮೇಲೆ ಪಿಟೀಲಿನ ಕಮಾನು ಎಳೆದರೆ, ದೂರದಲ್ಲಿ ಯಾರೋ ಹೆಣ್ಣುಮಗಳು ತುಟಿ ಮುಚ್ಚಿಕೊಂಡು ಹಾಡಿದಂತೆ ಕೇಳಿಸುತ್ತದೆ. ಬಲಗಾಲನ್ನು ಸಣ್ಣಗೆ ನಡುಗಿಸಿದರೆ ಸ್ವರ ತುಳುಕುತ್ತದೆ. (ಈ ಕಾಲು ಈಗ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಊಟದ ಮೇಜಿನ ಕೆಳಗೂ ನಡುಗುತ್ತದೆ, ಆಗ ತುಳುಕುವುದು ಸೂಪು. ನನ್ನ ಹೆಂಡತಿ ರೋಸ್ವಿತಾ ಇದನ್ನು ಕಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ.)

ಇಷ್ಟು ವರ್ಷ ನಾನು ಹೆಚ್ಚಾಗಿ ಬೊಂಬೆಯಾಟದ ಪರದೆಯ ಹಿಂದೆ ಕೂತು ದೆವ್ವದ ಕೂಗು ಹೊರಡಿಸಿದ್ದೇನೆ. ಮದುವೆಗಳಲ್ಲಿ, ಊಟಕ್ಕೂ ಕೇಕಿಗೂ ನಡುವೆ ಜನ ಕೈ ತೊಳೆಯಲು ಎದ್ದು ಹೋಗುವ ಹೊತ್ತಿನಲ್ಲಿ, ನುಡಿಸಿದ್ದೇನೆ. ಹೀಗಿರುವಾಗ ಕಳೆದ ಸೆಪ್ಟೆಂಬರಿನಲ್ಲಿ ನಗರದ ವಾದ್ಯವೃಂದದಿಂದ ಒಂದು ಕಾಗದ ಬಂತು. ನವೆಂಬರಿನ ಚರ್ಚ್ ಸಂಗೀತ ಕಛೇರಿಯಲ್ಲಿ ಇಡೀ ವೃಂದದ ಮುಂದೆ, ಪರದೆ ಗಿರದೆ ಏನೂ ಇಲ್ಲದೆ, ನಾನೊಬ್ಬನೇ ಕೂತು ಹದಿನೆಂಟು ನಿಮಿಷದ ಕೃತಿಯೊಂದನ್ನು ನುಡಿಸಬೇಕಂತೆ! ಕಾಗದವನ್ನು ನಾಲ್ಕು ಸಲ ಓದಿದೆ. ಐದನೆಯ ಸಲ ರೋಸ್ವಿತಾಳಿಗೆ ಓದಿ ಹೇಳಿದೆ.

"ಒಳ್ಳೇದಾಯ್ತು. ದಿನಕ್ಕೆಷ್ಟು ಹೊತ್ತು ಅಭ್ಯಾಸ ಮಾಡ್ಬೇಕು?" ಎಂದಳು.

"ಐದು ಗಂಟೆಯಾದರೂ ಬೇಕು. ಭಾನುವಾರವೂ ಸೇರಿ."

"ಹಾಗಾದ್ರೆ ನಾನು ತೋಟಗಾರಿಕೆ ಸಂಘಕ್ಕೆ ಸೇರ್ತೀನಿ" ಎಂದಳು. ನಮಗೆ ತೋಟವಿಲ್ಲ.

ಆ ಭಾನುವಾರ ಬೆಳಿಗ್ಗೆ ಮೂರು ಗಂಟೆ ಕಾಲ ಒಂದೇ ಸಮನೆ ನುಡಿಸಿದೆ. ಮಧ್ಯಾಹ್ನ ಬಾಗಿಲ ಕೆಳಗಿನಿಂದ ಒಂದು ಚೀಟಿ ಒಳಗೆ ತೂರಿತು. ಕೆಳಮನೆಯ ಬಿಟ್ಸರ್ ಅವರದು. ಬಿಟ್ಸರ್ ನಿವೃತ್ತ ಭೂಮಾಪಕರು; ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಅಧ್ಯಕ್ಷರು, ಕಾರ್ಯದರ್ಶಿ ಹಾಗೂ (ಉಳಿದವರೆಲ್ಲ ಸುಮ್ಮನಿರುವುದರಿಂದ) ಬಹುಮತ. ಚೀಟಿಯಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗಿತ್ತು: "ಭಾನುವಾರ ಗರಗಸ ಬಳಸಿದ್ದೀರಿ. ಮನೆ ನಿಯಮಾವಳಿಯ ಏಳನೇ ವಿಧಿಯ ಉಲ್ಲಂಘನೆ."

ಕೆಳಗಿಳಿದು ಹೋದೆ. ಆ ವಾರ ಮೆಟ್ಟಿಲು ಗುಡಿಸುವ ಸರದಿ ಅವರದು. ಸರದಿಯ ಫಲಕವನ್ನು ತಮ್ಮ ಬಾಗಿಲಿಗೆ ತೂಗುಹಾಕಿಕೊಂಡು, ಇಲ್ಲದ ಧೂಳನ್ನು ಪೊರಕೆಯಿಂದ ಹುಡುಕುತ್ತಿದ್ದರು.

"ಬಿಟ್ಸರ್ ಅವರೇ, ನೀವು ಕೇಳಿಸಿಕೊಂಡದ್ದು ಸಂಗೀತ" ಎಂದೆ.

"ನಾನು ಕೇಳಿಸಿಕೊಂಡದ್ದು ಗರಗಸ, ಕಿಂಕೆಲ್ ಅವರೇ. ನೀವು ಅದನ್ನ ಹಿಡ್ಕೊಂಡು ಮೆಟ್ಟಿಲು ಹತ್ತೋದನ್ನ ಹನ್ನೊಂದು ವರ್ಷದಿಂದ ನೋಡ್ತಿದ್ದೀನಿ. ವಾರದ ದಿನಗಳಲ್ಲಿ ಒಂದು ದಿನ ಆದ್ರೂ ಏನಾದ್ರೂ ಅಂದಿದ್ದೀನಾ? ಅಷ್ಟು ವರ್ಷದಿಂದ ಅದ್ಯಾವ ಮರದ ಬೀರು ಮಾಡ್ತಿದ್ದಾರೆ, ಇನ್ನೂ ಮುಗೀಲಿಲ್ಲವಲ್ಲ ಅಂತ ಅಂದುಕೊಳ್ತಿದ್ದೆ, ಅಷ್ಟೆ."

"ಬೀರು?" ಎಂದೆ.

"ಮರ ಒಳ್ಳೇದಲ್ಲ ಅಂತಾನೂ ಗೊತ್ತಾಗ್ತಿತ್ತು. ಒದ್ದೆ ಹಲಗೆ ಕೊಯ್ದರೆ ಹಾಗೇ ಊಳಿಡುತ್ತೆ."

ಹನ್ನೊಂದು ವರ್ಷ! ನನ್ನ ವಿಷಾದದ ಆಲಾಪಗಳು, ವಸಂತದ ಗೀತೆಗಳು, ನನ್ನ ತಂದೆ ತೀರಿಕೊಂಡ ವಾರ ಕಣ್ಣೀರಿನಲ್ಲಿ ಮಿಂದು ನುಡಿಸಿದ್ದು, ಎಲ್ಲವೂ ಈ ಮಹಾಶಯರ ಕಿವಿಗೆ ಒದ್ದೆ ಹಲಗೆ! ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬೈಗುಳ ತಿನ್ನದ ಕಲಾವಿದನಿಲ್ಲ. ಆದರೆ ಆ ಮನುಷ್ಯ ತಾಳ್ಮೆಯಿಂದ ಬೀರುವಿಗಾಗಿ ಕಾದಿದ್ದರು.

ಮೇಲೆ ಬಂದು ರೋಸ್ವಿತಾಳ ಮುಂದೆ ಗುಡುಗಿದೆ. ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು.

"ಹೌದು, ಗರಗಸ ಅಂತ ಒಪ್ಕೊಂಡುಬಿಡು. ಭಾನುವಾರ ಬಿಟ್ಟುಬಿಡು. ಕಥೆ ಮುಗೀತು" ಎಂದಳು.

"ಒಪ್ಪಿಕೊಳ್ಳೋದಾ? ನಾನು ಬಡಗಿನೇನೆ?"

"ಬಡಗಿ ಆಗಿದ್ದಿದ್ರೆ ಅಡುಗೆಮನೆ ಶೆಲ್ಫು ಇಷ್ಟು ಹೊತ್ತಿಗೆ ನೆಟ್ಟಗಿರ್ತಿತ್ತು. ಮಾರಾಯ, ಸಿಟ್ಟಾಗೋ ಮುಂಚೆ ಕೆಳಗೆ ಗಾಜಿನ ಪೆಟ್ಟಿಗೇಲಿ ನಿಯಮಾವಳಿ ಇದೆಯಲ್ಲ, ಅದನ್ನೊಂದು ಸಲ ಪೂರ್ತಿ ಓದು."

"ಕಲಾವಿದ ನಿಯಮಾವಳಿ ಓದೋದಿಲ್ಲ, ರೋಸ್ವಿತಾ."

"ಸರಿ ಹಾಗಾದ್ರೆ" ಎಂದು ಅವಳು ಮುಂದಿನ ಆಲೂಗಡ್ಡೆ ತೆಗೆದುಕೊಂಡಳು. ಇಪ್ಪತ್ತೆರಡು ವರ್ಷದ ದಾಂಪತ್ಯದಲ್ಲಿ ಅವಳು "ಸರಿ ಹಾಗಾದ್ರೆ" ಎಂದಾಗಲೆಲ್ಲ ನನಗೆ ಏನಾಗಿದೆ ಎಂಬುದನ್ನು ಆಗ ನೆನಪಿಸಿಕೊಂಡಿದ್ದರೆ ಚೆನ್ನಾಗಿತ್ತು. ನಾನು ಆಗಲೇ ತುರ್ತು ಸಭೆಗೆ ಅರ್ಜಿ ಬರೆಯುತ್ತಿದ್ದೆ.

ಸಭೆ ಗುರುವಾರ ಸಂಜೆ, ನೆಲಮಾಳಿಗೆಯ ಬಟ್ಟೆ ಒಣಗಿಸುವ ಕೋಣೆಯಲ್ಲಿ. ಯಾರದೋ ಹಾಸಿಗೆಯ ಹೊದಿಕೆಗಳ ಕೆಳಗೆ ಮಡಿಸುವ ಕುರ್ಚಿಗಳನ್ನು ಹಾಕಿ, ಆರು ಮನೆಯವರು ಕೂತರು. ಬಿಟ್ಸರ್ ನಡಾವಳಿ ಪುಸ್ತಕ ತೆರೆದು ಚರ್ಚೆಯ ವಿಷಯ ಓದಿದರು: "ಕಿಂಕೆಲ್ ಅವರ ಮನೆಯಲ್ಲಿರುವ ಗರಗಸವು ಉಪಕರಣವೋ ವಾದ್ಯವೋ."

ನಾನು ಎದ್ದು ನಿಂತೆ. ಭಾಷಣವನ್ನು ಎರಡು ದಿನ ಬರೆದಿದ್ದೆ. ನಾಗರಿಕತೆ, ಉಕ್ಕು, ಮನುಷ್ಯನ ಆತ್ಮ ಇತ್ಯಾದಿ ಘನ ವಿಚಾರಗಳೆಲ್ಲ ಅದರಲ್ಲಿದ್ದವು. ಎರಡನೇ ಪುಟದಲ್ಲಿ ಮೇಲಿನ ಮನೆಯ ಶ್ರೀಮತಿ ರಾಪ್ ಕೈಯೆತ್ತಿದರು. ಎಂಬತ್ತರ ಹತ್ತಿರದ ಹೆಂಗಸು, ನೇರ ಮಾತು.

"ಕಿಂಕೆಲ್ ಅವರೇ, ಒಲೆ ಮೇಲೆ ಸಾರು ಇಟ್ಟು ಬಂದಿದ್ದೀನಿ. ನುಡಿಸಿಬಿಡಿ."

ನುಡಿಸಿದೆ. ಆ ಒಣಗು ಕೋಣೆಯ ಸಿಮೆಂಟು ಗೋಡೆಗಳಲ್ಲಿ ಎಂಥ ನಾದ ಅಡಗಿತ್ತೆಂದು ನನಗೂ ಗೊತ್ತಿರಲಿಲ್ಲ. ಕಾಲು ಸರಿಯಾಗಿ ನಡುಗಿತು, ಕಮಾನು ಒಮ್ಮೆಯೂ ಕಿರ್ರೆನ್ನಲಿಲ್ಲ. ತಾಯಿ ಮಗುವನ್ನು ಮಲಗಿಸುವಂಥ ಒಂದು ಹಳೆಯ ಮಟ್ಟು, ಅಷ್ಟೆ. ಮುಗಿಸಿ ತಲೆಯೆತ್ತಿದರೆ ಶ್ರೀಮತಿ ರಾಪ್ ತೂಗುತ್ತಿದ್ದ ಹೊದಿಕೆಯ ಅಂಚಿನಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ಬಿಟ್ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಇದು ಬೀರು ಅಲ್ಲ" ಎಂದರು ತಗ್ಗಿದ ದನಿಯಲ್ಲಿ.

ಮೂವತ್ತೊಂದು ವರ್ಷ ಕಾದಿದ್ದ ವಿಮರ್ಶೆ!

"ವಾದ್ಯ ಎನ್ನುವವರು ಕೈಯೆತ್ತಿ" ಎಂದರು ಬಿಟ್ಸರ್. ಐದು ಕೈಗಳು ಎದ್ದವು. ಆರನೆಯದು ನಮ್ಮ ಮನೆಯ ಮತ. ಮನೆ ರೋಸ್ವಿತಾಳ ತಾಯಿಯಿಂದ ಬಂದದ್ದು. ಹಾಗಾಗಿ ಮತವೂ ಅವಳದೇ. ಅವಳ ಕೈ ಮಡಿಲಲ್ಲೇ ಇತ್ತು. ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು.

"ಓಟ್ಮಾರ್, ಕೊನೇ ಸಲ ಕೇಳ್ತೀನಿ. ಎತ್ತಲಾ?"

"ಎತ್ತೇ! ಕಟ್ಟಿಕೊಂಡ ಹೆಂಡತಿ ಆಗಿ ನೀನೇ ಎತ್ತದಿದ್ರೆ ಹೇಗೆ?"

ಎತ್ತಿದಳು. ಸರ್ವಾನುಮತ. ನಡಾವಳಿ ಪುಸ್ತಕದಲ್ಲಿ ನಾನು ಅರ್ಧ ಪುಟ ತುಂಬುವಂಥ ಸಹಿ ಹಾಕಿದೆ. ಬಿಟ್ಸರ್ ಶಾಯಿ ಹೀರಲು ಅದರ ಮೇಲೆ ಒತ್ತುಕಾಗದ ಒತ್ತಿ, ನಿಯಮಾವಳಿಯ ಹಾಳೆ ತಿರುಗಿಸಿದರು.

"ಹಾಗಾದರೆ ಕಿಂಕೆಲ್ ಅವರಿಗೆ ಏಳನೇ ವಿಧಿ ಅನ್ವಯಿಸೋದಿಲ್ಲ. ಏಳನೇ ವಿಧಿ ಕೈಯುಪಕರಣಗಳದ್ದು. ಸೋಮವಾರದಿಂದ ಶನಿವಾರದ ತನಕ ಬೆಳಿಗ್ಗೆ ಎಂಟರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಏಳು. ಭಾನುವಾರ ಇಲ್ಲ. ಇನ್ನು ಮುಂದೆ ಅವರು ಎಂಟನೇ ವಿಧಿಗೆ ಬರ್ತಾರೆ. ವಾದ್ಯಗಳು. ವಾರದ ದಿನಗಳಲ್ಲಿ ಸಂಜೆ ಐದರಿಂದ ಆರು, ಕಿಟಕಿ ಮುಚ್ಚಿಕೊಂಡು. ಭಾನುವಾರ ಹನ್ನೊಂದರಿಂದ ಹನ್ನೊಂದೂವರೆ."

ಒಣಗು ಕೋಣೆಯಲ್ಲಿ ಒಂದು ಹನಿ ನೀರು ಯಾವುದೋ ಬಟ್ಟೆಯಿಂದ ತೊಟ್ಟಿಕ್ಕಿದ್ದು ಕೇಳಿಸಿತು.

"ದಿನಕ್ಕೆ... ಒಂದು ಗಂಟೆ?" ಎಂದೆ.

"ಗರಗಸ ಆಗಿದ್ದಿದ್ರೆ ಒಂಬತ್ತು" ಎಂದಳು ರೋಸ್ವಿತಾ, ಇನ್ನೂ ಎತ್ತಿಯೇ ಇದ್ದ ಕೈ ಕೆಳಗಿಳಿಸುತ್ತ. "ಆದರೂ ಭಾನುವಾರ ಅರ್ಧ ಗಂಟೆ ಗೆದ್ದೆಯಲ್ಲ, ಬಿಡು."

ಮರುದಿನ ಬೆಳಿಗ್ಗೆ ಎಂಟಕ್ಕೇ ಬಿಟ್ಸರ್ ಬಾಗಿಲು ತಟ್ಟಿದೆ. ರಾತ್ರಿಯೆಲ್ಲ ಆಲೋಚಿಸಿ ನನ್ನ ಅಭಿಮಾನವನ್ನು ನುಂಗಿಕೊಂಡಿದ್ದೆ.

"ಬಿಟ್ಸರ್ ಅವರೇ, ಯೋಚನೆ ಮಾಡಿ ನೋಡಿದೆ. ನೀವು ಹೇಳಿದ್ದೇ ಸರಿ. ಅದು ಬರೀ ಗರಗಸ."

ಅವರು ನನ್ನನ್ನು ದೈವನಿಂದಕನನ್ನು ನೋಡುವಂತೆ ನೋಡಿದರು. "ಹಾಗೆಲ್ಲ ಅನ್ನಬೇಡಿ! ನನ್ನ ಹೆಂಡತಿ ಹೋದ ಮೇಲೆ ನನ್ನ ಕಣ್ಣಲ್ಲಿ ನೀರು ಬಂದದ್ದು ನಿನ್ನೆಯೇ. ಗರಗಸಕ್ಕೆ ಹಾಗೆ ಯಾರಾದ್ರೂ ಅಳ್ತಾರಾ? ಐದಕ್ಕೆ ಸರಿಯಾಗಿ ನಾನು ಕುರ್ಚಿ ಹಾಕ್ಕೊಂಡು ಕೂರ್ತೀನಿ. ತಡ ಮಾಡಬೇಡಿ." ಬಾಗಿಲು ಹಾಕುವ ಮುಂಚೆ ಮತ್ತೆ ತಲೆ ಹೊರಗೆ ಹಾಕಿದರು. "ಆರರ ಮೇಲೆ ಒಂದು ಕ್ಷಣವೂ ಬೇಡ. ನಿಯಮ ನಿಯಮವೇ."

ಕಾಡಿಗೆ ಹೋಗಿ ನುಡಿಸೋಣವೆಂದು ಒಂದು ದಿನ ಹೋದೆ. ಅರಣ್ಯ ಕಾವಲುಗಾರ ಬಂದು ಮರ ಕಡಿಯುವ ಪರವಾನಗಿ ಕೇಳಿದ. ಮರ ಕಡಿಯುವುದಕ್ಕಲ್ಲಪ್ಪ, ಸಂಗೀತಕ್ಕೆ ಎಂದೆ. ಹಾಗಾದರೆ ಜಿಂಕೆಗಳಿಗೆ ತೊಂದರೆ ಎಂದು ಎಬ್ಬಿಸಿ ಕಳಿಸಿದ. ವೃಂದದವರ ಜೊತೆ ಅಭ್ಯಾಸ ವಾರಕ್ಕೊಮ್ಮೆ ಮಾತ್ರ, ಅದರಲ್ಲೂ ಅರ್ಧ ಹೊತ್ತು ಕಹಳೆಯವರು ತಡವಾಗಿ ಬಂದದ್ದರ ವಿಚಾರಣೆ.

ಉಳಿದದ್ದು ಸಂಜೆಯ ಒಂದು ಗಂಟೆ. ಆರು ವಾರ, ಭಾನುವಾರ ಬಿಟ್ಟು ಪ್ರತಿ ಸಂಜೆ ಐದಕ್ಕೆ ಗರಗಸ ಹಿಡಿದೆ. ಶ್ರುತಿ ನೋಡಿ, ಕಷ್ಟದ ಜಾಗಗಳನ್ನು ತಿದ್ದಿ, ಐದೂಮುಕ್ಕಾಲಿಗೆ ಸ್ವಲ್ಪ ಮುಂಚೆ ಕೃತಿಯನ್ನು ಮೊದಲಿನಿಂದ ಎತ್ತಿಕೊಳ್ಳುತ್ತಿದ್ದೆ. ಕೊನೆಯಲ್ಲಿ ಸ್ವರ ಒಂದೊಂದೇ ಮೆಟ್ಟಿಲು ಹತ್ತಿ, ತುತ್ತತುದಿಯಲ್ಲಿ ಕೂದಲೆಳೆಯಷ್ಟು ತೆಳ್ಳಗಾಗಿ ಮುಗಿಯಬೇಕು. ಆ ತುದಿಗೆ ಇನ್ನು ಮೂರೇ ಸ್ವರ ಇರುವಾಗ ನೆಲದ ಕೆಳಗಿನಿಂದ ಪೊರಕೆಯ ಹಿಡಿ ಢಕ್ ಢಕ್ ಎನ್ನುತ್ತಿತ್ತು. ಭೂಮಾಪಕರ ಗಡಿಯಾರ! ಕಮಾನು ಎತ್ತಿಬಿಡುತ್ತಿದ್ದೆ. ಆಮೇಲೆ ಕಿಟಕಿಯಿಂದ ದನಿ: "ತುಂಬಾ ಚೆನ್ನಾಗಿತ್ತು, ಕಿಂಕೆಲ್ ಅವರೇ! ಉಳಿದದ್ದು ನಾಳೆ!" ಬೇಗ ಶುರುಮಾಡಿ ನೋಡಿದೆ, ಕಷ್ಟದ ಜಾಗವೊಂದು ಕಾಲಿಗೆ ತೊಡರಿ ಮತ್ತೆ ಅದೇ ಹೊತ್ತಿಗೆ ಅಲ್ಲಿಗೇ ಬಂದು ನಿಂತೆ.

ಕಛೇರಿಯ ದಿನ ಚರ್ಚ್ ತುಂಬಿತ್ತು. ಎರಡನೇ ಸಾಲಿನಲ್ಲಿ ರೋಸ್ವಿತಾ, ಶ್ರೀಮತಿ ರಾಪ್, ಕಪ್ಪು ಕೋಟಿನ ಬಿಟ್ಸರ್. ನುಡಿಸಿದೆ. ನಾನೇ ಹೇಳಿಕೊಳ್ಳಬಾರದು (ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ), ಅದ್ಭುತವಾಗಿ ನುಡಿಸಿದೆ. ಕೊನೆ ಬಂತು. ಸ್ವರ ಮೆಟ್ಟಿಲು ಹತ್ತತೊಡಗಿತು. ವೃಂದದವರು ವಾದ್ಯ ಕೆಳಗಿಳಿಸಿ ನನ್ನೊಬ್ಬನಿಗೇ ದಾರಿ ಬಿಟ್ಟರು. ಇನ್ನು ಮೂರೇ ಸ್ವರ.

ನನ್ನ ಕೈ ತಾನಾಗಿ ಕಮಾನನ್ನು ಎತ್ತಿಬಿಟ್ಟಿತು.

ಎತ್ತಿ, ಪೊರಕೆಗಾಗಿ ಕಾಯಿತು. ವೃಂದದ ನಿರ್ದೇಶಕರ ಕೋಲು ಗಾಳಿಯಲ್ಲೇ ನಿಂತಿತು, ಅವರ ಹುಬ್ಬು ಅದಕ್ಕಿಂತ ಮೇಲೆ. ಎರಡನೇ ಸಾಲಿನಿಂದ ಪಿಸುಮಾತು ಇಡೀ ಚರ್ಚಿಗೆ ಕೇಳಿಸಿತು: "ನುಡಿಸಿ, ಕಿಂಕೆಲ್ ಅವರೇ, ನುಡಿಸಿ! ಇಲ್ಲಿ ಎಂಟನೇ ವಿಧಿ ಇಲ್ಲ!" ನಾನು ಎಚ್ಚೆತ್ತು ಕಮಾನು ಇಳಿಸುವಷ್ಟರಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದ್ದರು. ಆ ಮೂರು ಸ್ವರ ಇವತ್ತಿಗೂ ಗರಗಸದಲ್ಲೇ ಇವೆ.

ಶನಿವಾರ ಊರಿನ ಪತ್ರಿಕೆಯಲ್ಲಿ ವಿಮರ್ಶೆ ಬಂತು. ನನ್ನ ಹೆಸರು ದಪ್ಪಕ್ಷರದಲ್ಲಿ! ರೋಸ್ವಿತಾ ಕಾಫಿ ಕುಡಿಯುತ್ತ ಗಟ್ಟಿಯಾಗಿ ಓದಿದಳು: "ಓಟ್ಮಾರ್ ಕಿಂಕೆಲ್ ಅವರ ವಾದನದಲ್ಲಿ ಎಲ್ಲಕ್ಕಿಂತ ಮನಸೂರೆಗೊಂಡದ್ದು, ಅವರು ನುಡಿಸದೆ ಬಿಟ್ಟ ಭಾಗ."

ಆಮೇಲೆ ಆ ತುಣುಕನ್ನು ಕತ್ತರಿಯಿಂದ ಒಪ್ಪವಾಗಿ ಕತ್ತರಿಸಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು.

"ಎಷ್ಟು ಬುದ್ಧಿವಂತ ನೋಡು ಈ ವಿಮರ್ಶಕ" ಎಂದಳು. "ನಾನು ಇಪ್ಪತ್ತೆರಡು ವರ್ಷದಿಂದ ಹೇಳ್ತಿರೋದನ್ನ ಒಂದೇ ಸಂಜೇಲಿ ಕಂಡುಕೊಂಡಿದ್ದಾನೆ."