ದೇವರ ಜಗಲಿ ಏರಿದ ಮಾಸ್ಕು

ಪುಕ್ಕಲುತನಕ್ಕೆ ಲೋಕದಲ್ಲಿ ಎರಡು ಹೆಸರಿದೆ. ಬರಿಗೈಯವನಲ್ಲಿದ್ದರೆ ಅದು ಪುಕ್ಕಲುತನವೇ. ನಾಲ್ಕು ಟೇಬಲ್ಲು ಹಾಕಿ ಗಲ್ಲಾದ ಹಿಂದೆ ಕುಳಿತವನಲ್ಲಿದ್ದರೆ ಅದನ್ನು ಮುನ್ನೆಚ್ಚರಿಕೆ ಎನ್ನುತ್ತಾರೆ. ನಾಸಿಕದ ಪಂಚವಟಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಇಟ್ಟುಕೊಂಡು ನಾನು ಮೂವತ್ತು ವರ್ಷಗಳಿಂದ ಮುನ್ನೆಚ್ಚರಿಕೆಯ ಮನುಷ್ಯನೆಂದೇ ಬಾಳುತ್ತಿದ್ದೇನೆ. ದೀಪಾವಳಿಯ ಪಟಾಕಿಯನ್ನು ಕಿಟಕಿಯ ಒಳಗಿನಿಂದ ನೋಡುತ್ತೇನೆ. ಗೋದಾವರಿಯಲ್ಲಿ ಮಿಂದಿದ್ದೇನೆ, ಆದರೆ ಮೆಟ್ಟಿಲ ಮೇಲೆ ಕುಳಿತು, ತಂಬಿಗೆಯಿಂದ. ಕುಂದಾಪುರದ ಕಡಲ ಬದಿಯಲ್ಲಿ ಹುಟ್ಟಿದವನ ಸಂಗತಿ ಇದು. ಊರಿನವರಿಗೆ ಇನ್ನೂ ತಿಳಿಸಿಲ್ಲ.

ಇಂಥ ನನ್ನ ಹೋಟೆಲಿನ ಮೆಟ್ಟಿಲಿಗೆ ಕಬ್ಬಿಣದ ಕಟಕಟೆ ಹಾಕಲು ಶರಣಪ್ಪ ಬಂದ. ವಿಜಯಪುರ ಜಿಲ್ಲೆಯವನು, ನಾಸಿಕದಲ್ಲಿ ಕಟ್ಟಡಗಳು ಏಳುವ ಕಡೆಯಲ್ಲೆಲ್ಲ ವೆಲ್ಡಿಂಗ್ ಮಾಡುತ್ತಾನೆ. ನನ್ನನ್ನು ಶೆಟ್ರ ಎಂದು ಕರೆಯುತ್ತಾನೆ. ನಾನು ಶೆಟ್ಟಿಯಲ್ಲ. ಆದರೆ ಈ ಊರಿನಲ್ಲಿ ದೋಸೆ ಮಾರುವವರೆಲ್ಲ ಶೆಟ್ಟರೇ ಆದ್ದರಿಂದ ತಿದ್ದುವುದನ್ನು ಬಿಟ್ಟು ಬಹಳ ಕಾಲವಾಯಿತು.

ಶರಣಪ್ಪನ ಕೆಲಸದ ಪದ್ಧತಿ ನೋಡಿ ನನ್ನ ಜೀವ ಬಾಯಿಗೆ ಬಂತು. ಸರಳುಗಳನ್ನು ಜೋಡಿಸಿ, ರಾಡಿನ ತುದಿಯನ್ನು ಗುರಿಗೆ ಹಿಡಿದು, ಆಮೇಲೆ ಕಣ್ಣನ್ನು ಗಟ್ಟಿಯಾಗಿ ಮುಚ್ಚಿ, ಮುಖವನ್ನು ಧ್ಯಾನಕ್ಕೆ ಕುಳಿತವನಂತೆ ನದಿಯ ಕಡೆಗೆ ತಿರುಗಿಸಿ ಕಿಡಿ ಹಾರಿಸುತ್ತಾನೆ. ಸರಿಯಾಗಿ ಬಿತ್ತೋ ಎಂದು ನಡುವೆ ಒಂದು ಕಣ್ಣನ್ನು ತೆರೆದು ನೋಡುತ್ತಾನೆ.

"ಕಣ್ಣಿಗೆ ಏನೂ ಹಾಕಿಕೊಳ್ಳುವುದಿಲ್ಲವೇನಪ್ಪ?" ಎಂದೆ.

"ಮುಚ್ಚೀನಲ್ರಿ ಶೆಟ್ರ. ದೇವರು ರೆಪ್ಪಿ ಯಾಕ ಕೊಟ್ಟಾನು?"

ಬುತ್ತಿ ತಂದ ಅವನ ಹೆಂಡತಿ ಗಂಗವ್ವ ಆ ಮಾತು ಕೇಳಿಸಿಕೊಂಡಳು. "ಮುಂಜಾನೆ ಏಳೂದ್ರಾಗ ಕಣ್ಣಾಗ ಉಸುಕು ಹೊಕ್ಕಂಗ ಆಗತದ್ರಿ ಇವ್ರಿಗೆ. ಹಿಂಗ ಬೆಂಕಿ ನೋಡಕೋತ ಹೋದ್ರ ನದರ ಹೋಗತದ ಅಂತ ಡಾಕ್ಟರ್ ಅಂದಾರ. ನದರ ಹೋದ ಮ್ಯಾಲೆ ಕೈ ಹಿಡದು ನಡಸಾಕಿ ನಾನ."

"ಈಗೂ ನೀನ ನಡಸತಿ," ಎಂದ ಶರಣಪ್ಪ. ನಗುವಾಗ ಅವನ ಕಣ್ಣು ಬ್ಯಾಡಗಿ ಮೆಣಸಿನಕಾಯಿಯ ಹಾಗಿತ್ತು.

ಮರುದಿನವೇ ಹೋಗಿ ಒಂದು ವೆಲ್ಡಿಂಗ್ ಮಾಸ್ಕನ್ನೂ ಮೊಣಕೈವರೆಗಿನ ಚರ್ಮದ ಗ್ಲೋವ್ಸನ್ನೂ ತಂದೆ. ಅಂಗಡಿಯವನು ಮಾಸ್ಕಿನ ಕರಿಗಾಜಿನ ನಂಬರು, ಅದರ ಗುಣ ಎಲ್ಲ ವಿವರಿಸಿದ. ಹೆಂಡತಿ ಸೀರೆ ಆರಿಸುವಾಗ ಆಡಿಸುವ ಹಾಗೆ ತಲೆಯಾಡಿಸಿದೆ. ಶರಣಪ್ಪನಿಗೆ ಅದನ್ನು ಕೊಡುವಾಗ ಒಂದು ಭಾಷಣವನ್ನೂ ಕೊಟ್ಟೆ: ಕೆಲಸ ಇವತ್ತಲ್ಲದಿದ್ದರೆ ನಾಳೆ, ಜೀವ ದೊಡ್ಡದು, ಇತ್ಯಾದಿ. ಅವನು ಮಾಸ್ಕನ್ನು ಎರಡು ಕಣ್ಣಿಗೂ ಒತ್ತಿಕೊಂಡ. "ಖಂಡೇನವಮಿ ಇನ್ನ ಎಂಟ ದಿನ ಐತ್ರಿ. ಹೊಸಾ ಹತ್ಯಾರ, ಪೂಜಿ ಮಾಡಿ ಹಾಕ್ಕೋತೀನಿ." ಆಯುಧಪೂಜೆಗೆ ಮುಂಚೆ ಹೊಸ ಆಯುಧ ಮುಟ್ಟಬಾರದು. ನ್ಯಾಯವೇ. ನಾನೂ ಒಪ್ಪಿದೆ.

ನವಮಿ ಹೋಯಿತು, ದೀಪಾವಳಿಯೂ ಹೋಯಿತು. ಪೇಟೆಯಲ್ಲಿ ಸಿಕ್ಕ ಗಂಗವ್ವನನ್ನು ಮಾಸ್ಕಿನ ವಿಷಯ ಕೇಳಿದರೆ, "ಬಂದು ನೀವ ನೋಡ್ರಿ," ಎಂದಳು. ಹೋದೆ. ತಗಡಿನ ಒಂದೇ ಖೋಲಿ. ಮೂಲೆಯಲ್ಲಿ ದೇವರ ಜಗಲಿ. ಜಗಲಿಯ ನಟ್ಟನಡುವೆ, ಕರಿಗಾಜಿನ ಮೇಲೆ ಮೂರು ಪಟ್ಟೆ ವಿಭೂತಿ ಧರಿಸಿ, ಚೆಂಡುಹೂವಿನ ಮಾಲೆ ಹಾಕಿಕೊಂಡು ಮಾಸ್ಕು ಮಂಡಿಸಿತ್ತು. ಗ್ಲೋವ್ಸುಗಳು ಎರಡು ಬದಿಯಲ್ಲಿ ಅಭಯಹಸ್ತ ತೋರಿಸುತ್ತಿದ್ದವು. ಬೈಯಲು ಹೋದವನು ಕೈಮುಗಿದೆ. ಅಭ್ಯಾಸಬಲ.

"ಪೂಜಿ ಆದದ್ದನ್ನ ತಲಿಗೆ ಹೆಂಗ ಹಾಕ್ಕೊಳ್ಳೂದ್ರಿ?" ಎಂದ ಶರಣಪ್ಪ, ನೀರು ಸುರಿಯುವ ಕಣ್ಣನ್ನು ತೋಳಿನಿಂದ ಒರೆಸುತ್ತ. "ಬೆವರು ಹತ್ತತದ. ಮೈಲಿಗಿ."

ನಾನು ಶಾಸ್ತ್ರಾರ್ಥಕ್ಕೆ ಇಳಿದೆ. ನಮ್ಮ ಕಡೆಯ ದೇವಸ್ಥಾನಗಳಲ್ಲಿ ಮೂಲವಿಗ್ರಹ ಬೇರೆ, ಉತ್ಸವಮೂರ್ತಿ ಬೇರೆ. ಮೊದಲನೆಯದು ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ಎರಡನೆಯದು ಪಲ್ಲಕ್ಕಿಯಲ್ಲಿ ಹೊರಗೆ ಬರಲೇಬೇಕು. ಮಾಸ್ಕು ಉತ್ಸವಮೂರ್ತಿಯ ಜಾತಿಯದ್ದು. ನಿನ್ನ ತಲೆಯೇ ಅದರ ಪಲ್ಲಕ್ಕಿ. ಕಾಲು ಗಂಟೆ ಮಾತಾಡಿದೆ. ಶರಣಪ್ಪ ಪುರಾಣ ಕೇಳುವವನಂತೆ ಕೇಳಿ, ಕೊನೆಯಲ್ಲಿ ಮಾಸ್ಕಿಗೆ ಇನ್ನೊಂದು ಊದುಬತ್ತಿ ಹಚ್ಚಿದ.

ರೊಟ್ಟಿ ಬಡಿಯುತ್ತಿದ್ದ ಗಂಗವ್ವ ತಲೆ ಎತ್ತದೆ ಕೇಳಿದಳು: "ಕೊರಳಾಗಿನ ಲಿಂಗಕ್ಕ ಬೆವರು ಹತ್ತಂಗಿಲ್ಲೇನ್ರಿ? ಅದನ್ನೂ ಜಗಲಿ ಮ್ಯಾಲೆ ಇಟ್ಟ ಕೆಲಸಕ್ಕ ಹೋಗತೀರೇನು?"

ಶರಣಪ್ಪನ ಕೈ ಕೊರಳಿನ ಲಿಂಗಕ್ಕೆ ಹೋಯಿತು. ಆಮೇಲೆ ಅವಳೇ ಎದ್ದು, ಹಿಟ್ಟಿನ ಕೈ ತೊಳೆದು, ಮಾಲೆ ತೆಗೆದು, ಸೆರಗಿನಿಂದ ಗಾಜು ಒರೆಸಿ, ಮಾಸ್ಕನ್ನು ಗಂಡನ ತಲೆಯ ಮೇಲೆ ಇಟ್ಟಳು. ಒಳಗಿನಿಂದ, "ಆತು ಬಿಡ," ಎಂಬ ಅಶರೀರವಾಣಿ ಕೇಳಿತು. ನನ್ನ ಕಾಲು ಗಂಟೆಯ ಉತ್ಸವಮೂರ್ತಿಯನ್ನು ಯಾರೂ ಮತ್ತೆ ನೆನೆಯಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಅವನ ಕಣ್ಣು ಬೆಳ್ಳಗಾಯಿತು. ಉಸುಕಿನ ಮಾತು ನಿಂತಿತು. ಅಲ್ಲಿಗೇ ಈ ಕತೆ ಮುಗಿದಿದ್ದರೆ ನಾನು ಅದನ್ನು ಇನ್ನೂ ಗಟ್ಟಿಯಾಗಿ ಹೇಳಿಕೊಂಡು ತಿರುಗುತ್ತಿದ್ದೆ. ಆದರೆ ನನ್ನ ಹೋಟೆಲಿನ ಅಡಿಗೆಮನೆಯ ಒಲೆಯ ಸ್ಟ್ಯಾಂಡಿನ ಕಾಲು ಮುರಿಯಿತು. ಶರಣಪ್ಪ ಮಾಸ್ಕು, ಗ್ಲೋವ್ಸು ಸಮೇತ ಸರ್ವಾಲಂಕಾರಭೂಷಿತನಾಗಿ ಬಂದ. ಬಂದವನು ಸುತ್ತ ನೋಡಿ, "ಗ್ಯಾಸಿನ ಸಿಲಿಂಡರ್ ಎಲ್ಲಾ ಹೊರಗ ಹೋಗಬೇಕ್ರಿ. ಎಣ್ಣಿ ಡಬ್ಬಿ ಸೈತ," ಎಂದ.

ಹನ್ನೊಂದು ಗಂಟೆ. ಪಕ್ಕದ ಒಲೆಯಲ್ಲಿ ಸಾಂಬಾರು ಕುದಿಯುತ್ತಿತ್ತು. ಇನ್ನೊಂದು ಗಂಟೆಯಲ್ಲಿ ಊಟದ ಗಿರಾಕಿಗಳು. ನನ್ನ ಹೆದರಿಕೆಗೂ ಊಟದ ವೇಳೆಗೂ ಜಗಳ ಬಂದರೆ ಹೆದರಿಕೆ ಸೋಲುತ್ತದೆ ಎಂಬುದು ನನಗೇ ಅಂದು ಗೊತ್ತಾದದ್ದು. "ಎರಡು ನಿಮಿಷದ ಕೆಲಸ ಶರಣಪ್ಪ. ಒದ್ದೆ ಗೋಣಿಚೀಲ ಮುಚ್ಚಿದರೆ ಸಾಲದೆ?"

ಅವನು ಮಾಸ್ಕು ತೆಗೆದು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತ. "ಜೀವ ದೊಡ್ಡದು ಅಂತ ನೀವ ಹೇಳಿದ್ರಿ ಶೆಟ್ರ. ಗೋಣಿಚೀಲದ ಮಾತು ಅವತ್ತ ಬಂದಿದ್ದಿಲ್ಲ."

ಒಲೆಗಳು ಆರಿದವು. ಸಿಲಿಂಡರುಗಳು, ಡಬ್ಬಿಗಳು ಹಿತ್ತಲಿಗೆ ಹೋದವು. ಆಗ ಅವನು, "ಬೆಂಕಿ ಆರಸೂ ಕೆಂಪು ಡಬ್ಬಿ ಅದ ಏನ್ರಿ?" ಎಂದು ಕೇಳಿದ. ಇದೆ ಎಂದು ಗತ್ತಿನಿಂದ ಗಲ್ಲಾದ ಮೇಲಿನ ಗೋಡೆ ತೋರಿಸಿದೆ. ಅವನು ನೋಡಿದ. ಅವನು ನೋಡಿದ್ದಕ್ಕೆ ನಾನೂ ನೋಡಿದೆ, ಬಹುಶಃ ಮೊದಲ ಬಾರಿಗೆ. ಡಬ್ಬಿಯ ಕುತ್ತಿಗೆಯಲ್ಲಿ ಒಣಗಿದ ಮಾವಿನೆಲೆ. ತಾರೀಕು ಬರೆದ ಚೀಟಿಯ ಮೇಲೆ ಎಷ್ಟೋ ನವಮಿಗಳ ಗಂಧ. ಎಳೆಯಬೇಕಾದ ಪಿನ್ನು ಕುಂಕುಮದಲ್ಲಿ ಅಂಟಿ ಕಲ್ಲಾಗಿತ್ತು.

ಶರಣಪ್ಪ ಮಾಸ್ಕನ್ನು ಮುಖಕ್ಕೆ ಇಳಿಸಿಕೊಂಡ. ಒಳಗೆ ಏನು ನಡೆಯಿತೋ ಕಾಣಲಿಲ್ಲ. ಆದರೆ ಮಾಸ್ಕು ಸಾಕಷ್ಟು ಹೊತ್ತು ಅಲುಗಾಡುತ್ತಿತ್ತು.

ಆ ದಿನ ಅವನು ಬೆಸೆದು ಮುಗಿಸುವ ತನಕ ನಾನು ಅವನು ಹೇಳಿದ ಜಾಗದಲ್ಲಿ, ಅವನು ಹೇಳಿದಂತೆ ಬೆನ್ನು ತಿರುಗಿಸಿ, ಮರಳಿನ ಬಕೇಟು ಹಿಡಿದು ನಿಂತಿದ್ದೆ. ಊಟ ಒಂದೂವರೆಗೆ ಶುರುವಾಯಿತು. ಯಾವ ಗಿರಾಕಿಯೂ ಸಾಯಲಿಲ್ಲ. ಮರುದಿನ ಹೊಸ ಕೆಂಪು ಡಬ್ಬಿ ಬಂತು. ಗೋಡೆಗೆ ತೂಗುಹಾಕುವಷ್ಟರಲ್ಲಿ ನನ್ನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದಳು. ಬೇಡ ಎನ್ನಲೆಂದೇ ನಾನು ಬಾಯಿ ತೆರೆದೆ. ಆದರೆ ಏನೂ ಇಡದೆ ಬಿಟ್ಟರೆ ಏನಾದರೂ ಆಗಿಬಿಟ್ಟೀತು ಎಂದು ಹೆದರಿಕೆಯಾಯಿತು.

"ಪಿನ್ನಿಗೆ ತಾಗದ ಹಾಗೆ ಒಂದೇ ಬೊಟ್ಟು," ಎಂದೆ.