ಮಧ್ಯಾಹ್ನ ಗೋಡೆ ಬಡಿಯುವ ಕೋಳಿ

ಕೋಳಿ ಸಾಕಿದರೆ ಗಲೀಜು, ಗದ್ದಲ ಎಂದು ಹೇಳುವವರು ಬೇಕಾದಷ್ಟು ಜನ ಸಿಕ್ಕರು. ಮೈಮೇಲಿನ ಕೂದಲು ನಿಮಿರುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಚೆನ್ನೈನ ಪೋರೂರಿನ ನಮ್ಮ ಬಾಡಿಗೆ ಮನೆಯ ಹಿತ್ತಲಿಗೆ ಕೋಳಿಗಳು ಬಂದ ಮೇಲೆ ಇಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇದೆ. ಮೊದಲು ಬೆವರುತ್ತೇವೆ, ಆಮೇಲೆ ನಗುತ್ತೇವೆ.

ಹಣೆಗೆ ವಿಭೂತಿ

ನಮ್ಮ ಯಜಮಾನರಿಗೆ ಟಿ. ನಗರದ ಸೀರೆ ಅಂಗಡಿಯಲ್ಲಿ ಕೆಲಸ. ಒಂದು ಸಂಜೆ ಫುಟ್‌ಪಾತಿನ ಬುಟ್ಟಿಯವನ ಹತ್ತಿರ ಬಣ್ಣ ಬಳಿದ ಕೋಳಿಮರಿಗಳನ್ನು ಮಗಳಿಗೆಂದು ತಂದರು. ಗುಲಾಬಿ, ಹಸಿರು, ನೇರಳೆ. ಬಣ್ಣವೇ ಹತ್ತದ ಕರಿಮರಿಯೊಂದನ್ನು ಅವನು ಕೊಸರಿಗೆ ಹಾಕಿಕೊಟ್ಟಿದ್ದ.

ಗದಗಿನ ಲಿಂಗಾಯತರು ನಾವು. ಅತ್ತೆ ಬಾಗಿಲಲ್ಲೇ ತಡೆದರು. "ಕೋಳಿ? ನಮ್ಮ ಮನ್ಯಾಗ? ಊರ ಮಂದಿ ಕೇಳಿದ್ರ ಸಾರು ಮಾಡಾಕ ಸಾಕ್ಯಾರ ಅಂತಾರ!"

ವಾರ ಕಳೆಯುವುದರೊಳಗೆ ಮರಿಗಳು ಅತ್ತೆಯ ಸೆರಗಿನಲ್ಲೇ ನಿದ್ದೆ ಮಾಡುತ್ತಿದ್ದವು. ಅದಕ್ಕೆ ಕಾರಣ ಇತ್ತು. ಚೆನ್ನೈಗೆ ಬಂದು ಎರಡು ವರ್ಷವಾದರೂ ಅತ್ತೆಯ ಬಾಯಿಂದ ಒಂದು ತಮಿಳು ಶಬ್ದ ಹೊರಟಿರಲಿಲ್ಲ. ಕಲಿಯಿರಿ ಎಂದರೆ "ಈ ವಯಸ್ಸಿನಾಗ ನಾಲಗಿ ಹೊರಳೂದಿಲ್ಲವಾ" ಎನ್ನುತ್ತಿದ್ದರು. ಮೊಮ್ಮಗಳೋ, ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರಿಸುವವಳು. ಇಡೀ ಊರಿನಲ್ಲಿ ಅತ್ತೆಯ ಮಾತನ್ನು ತಲೆ ಓರೆ ಮಾಡಿ ಕೊನೆಯವರೆಗೂ ಕೇಳುತ್ತಿದ್ದವು ಆ ಕೋಳಿಗಳು ಮಾತ್ರ.

ನಮ್ಮ ಮನೆಯಲ್ಲಿ ಬೆಳಿಗ್ಗೆ ಅತ್ತೆ ಎಲ್ಲರ ಹಣೆಗೂ ವಿಭೂತಿ ಹಚ್ಚದೆ ಬಿಡುವುದಿಲ್ಲ. ಕೋಳಿಗಳು ಮನೆಯವರಾದ ಮೇಲೆ ಅವಕ್ಕೂ ಬಂತು. ಬಣ್ಣದ ಮೂರೂ ಬಣ್ಣ ತೊಳೆದುಹೋಗಿ ಬಿಳಿಯಾದವು. ಕರಿಮರಿ ಮಾತ್ರ ಬೆಳೆದಂತೆಲ್ಲ ಇನ್ನಷ್ಟು ಕಪ್ಪಾಗಿ, ಜುಟ್ಟು, ಕಾಲು, ಕಣ್ಣು ಎಲ್ಲವೂ ಇದ್ದಿಲಿನ ಬಣ್ಣಕ್ಕೆ ತಿರುಗಿ 'ಕಾಳವ್ವ' ಎನಿಸಿಕೊಂಡಳು. ಕಾಳವ್ವನಿಗೆ ವಿಭೂತಿಯ ಜೊತೆ ಒಂದು ಬೊಟ್ಟು ಕುಂಕುಮ ಹೆಚ್ಚಿಗೆ.

ಈ ಕಡೆ ಕರಿ ಕೋಳಿಗೆ ಕುಂಕುಮ ಇಡುವುದು ಒಂದೇ ಕೆಲಸಕ್ಕೆ, ಮಾಟದ ಬಲಿಗೆ, ಎಂದು ನಮಗೇನು ಗೊತ್ತು? ನಸುಕಿನಲ್ಲಿ ಹಾಲಿನವನು ಗೇಟು ತೆಗೆದರೆ, ಎದುರಿಗೆ ಹಣೆತುಂಬ ಬೂದಿ ಬಳಿದುಕೊಂಡ ಕಾಳವ್ವ, ಒಂಟಿ ಕಾಲಲ್ಲಿ, ಕಣ್ಣು ಮಿಟುಕಿಸದೆ. ಅವನು ಪ್ಯಾಕೆಟ್ಟುಗಳನ್ನು ನೆಲಕ್ಕೆ ಹಾಕಿ, ಕೈಮುಗಿದು, ಸೈಕಲ್ಲನ್ನೂ ಬಿಟ್ಟು ಓಡಿದ.

ಅತ್ತೆ ಕಿಟಕಿಯಿಂದ ನೋಡಿ ಕಣ್ಣಲ್ಲಿ ನೀರು ತಂದುಕೊಂಡರು. "ಎಂಥಾ ಭಕ್ತರವಾ ಈ ಊರ ಮಂದಿ! ವಿಭೂತಿ ಕಂಡ್ರ ಸಾಕು, ಕೈ ಮುಗೀತಾರ."

ಗೇಟಿನ ಮೇಲಿನ ಮೊಟ್ಟೆ

ಕೋಳಿಗಳು ಮೊಟ್ಟೆ ಇಡತೊಡಗಿದಾಗ ಫಜೀತಿ ಶುರುವಾಯಿತು. ನಾವು ತಿನ್ನುವುದಿಲ್ಲ. ಎಸೆದರೆ ಪಾಪ. ನೆರೆಯವರಿಗೆ ಕೊಡೋಣವೆಂದೆ. ಆದರೆ ಅರಿಶಿನ ಕುಂಕುಮವಿಲ್ಲದೆ ಇನ್ನೊಬ್ಬರ ಮನೆಗೆ ಏನನ್ನಾದರೂ ಕೊಡುವುದುಂಟೆ? ಅತ್ತೆ ಒಂದೊಂದು ಮೊಟ್ಟೆಗೂ ಅರಿಶಿನ ಬಳಿದು, ಕುಂಕುಮವಿಟ್ಟು, ವೀಳ್ಯದೆಲೆಯ ಮೇಲೆ ಕೂರಿಸಿದರು. ಭಾಷೆ ಬಾರದ ಸಂಕೋಚಕ್ಕೆ, ಯಾರೂ ಏಳುವ ಮೊದಲೇ ಮನೆಮನೆಯ ಗೇಟಿನ ಕಂಬದ ಮೇಲೆ ಇಟ್ಟು ಬಂದರು.

ಅಂದು ಬೀದಿಯಲ್ಲಿ ರೇಡಿಯೋ ಹಾಡಲಿಲ್ಲ, ಕುಕ್ಕರು ಕೂಗಲಿಲ್ಲ. ಮಾರನೇ ದಿನ ಎಲ್ಲರ ಬಾಗಿಲಿಗೂ ನಿಂಬೆಹಣ್ಣು, ಹಸಿಮೆಣಸಿನಕಾಯಿ ತೂಗಿದವು. ಗೇಟಿನ ಮುಂದೆಲ್ಲ ಕುಂಕುಮ ತುಂಬಿದ ಬೂದುಗುಂಬಳ ಒಡೆದಿದ್ದರು, ಬೀದಿ ರಕ್ತ ಹರಿದಂತೆ ಕೆಂಪಗಿತ್ತು. ಯಾರೋ ಪೂಜಾರಿ ಬೇವಿನ ಸೊಪ್ಪು ಬೀಸುತ್ತ, ಡಮರು ಬಾರಿಸುತ್ತ, ಎಲ್ಲ ಮನೆಗೂ ಹೋಗಿ ನಮ್ಮ ಮನೆಯನ್ನು ಮಾತ್ರ ಸುತ್ತುಬಳಸಿ ದಾಟಿಹೋದ.

"ಏನೋ ಹಬ್ಬ ಐತಿ," ಎಂದರು ಅತ್ತೆ. "ನಮ್ಮನ್ನ ಕರೀಲಿಲ್ಲ. ಇರಲಿ ಬಿಡು, ದೊಡ್ಡ ಮನಸು ನಮಗಿರಲಿ."

ಮರುದಿನ ಪ್ರತಿ ಗೇಟಿಗೂ ಎರಡೆರಡು ಮೊಟ್ಟೆ ಇಟ್ಟು ಬಂದರು.

ಟಕ್ ಟಕ್ ಟಕ್

ನಾನು ಬೆಳಗಿನ ಪಾಳಿಯ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿ ಮಧ್ಯಾಹ್ನಕ್ಕೆ ಮನೆಗೆ ಬರುವವಳು. ಒಂದು ದಿನ ಊಟ ಮಾಡುತ್ತಿದ್ದಾಗ ಪಡಸಾಲೆಯಿಂದ ಸದ್ದು: ಟಕ್ ಟಕ್ ಟಕ್. ಬಾಗಿಲು ತೆಗೆದೆ. ಯಾರೂ ಇಲ್ಲ, ಬಿಸಿಲು ಮಾತ್ರ. ಕೂತೆ. ಮತ್ತೆ ಟಕ್ ಟಕ್ ಟಕ್.

ಪಡಸಾಲೆಯ ಮೂಲೆಯಲ್ಲಿ ಕಾಳವ್ವ. ಕಾಲು ಮಡಚಿ, ಅಜ್ಜಿಯೊಬ್ಬಳು ಕೂತ ಹಾಗೆ ಕೂತು, ಖಾಲಿ ಗೋಡೆಯನ್ನು ನೋಡುತ್ತಿದ್ದಳು. ಕೊಕ್ಕಿನಿಂದ ಗೋಡೆಗೆ ಬಡಿಯುವುದು, ಕಿವಿಗೊಡುವುದು, ಮತ್ತೆ ಬಡಿಯುವುದು. ಆ ಕಡೆಯಿಂದ ಯಾರೋ ಉತ್ತರ ಕೊಡುತ್ತಿರುವ ಹಾಗಿತ್ತು. ಮರುದಿನವೂ ಮಧ್ಯಾಹ್ನ, ಊಟದ ಹೊತ್ತಿಗೆ, ಅದೇ ಮೂಲೆ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

"ಅತ್ತಿ, ಈ ಮನ್ಯಾಗ ಏನರೆ ಐತೇನ್ರಿ?"

"ಹುಚ್ಚಿ! ಸತ್ತವರು ಲಿಂಗದಾಗ ಐಕ್ಯ ಆಗ್ತಾರ. ನಮ್ಮ ಧರ್ಮದಾಗ ದೆವ್ವನ ಇಲ್ಲ."

"ಈ ಮನಿ ನಮ್ಮ ಧರ್ಮದವರದಲ್ಲಲ್ರೀ."

ಸಂಜೆ ಅತ್ತೆ ಪಡಸಾಲೆಯಲ್ಲಿದ್ದ ತಮ್ಮ ಹಾಸಿಗೆಯನ್ನು ಸುತ್ತಿಕೊಂಡು ಬಂದು ನನ್ನ ಕೋಣೆಯಲ್ಲಿ ಹಾಸಿದರು. ಫ್ಯಾನಿನ ಗಾಳಿ ಇಲ್ಲಿ ಚೆನ್ನಾಗಿ ಬರುತ್ತದಂತೆ. ಆ ಕೋಣೆಯ ಫ್ಯಾನು ಕೆಟ್ಟು ತಿಂಗಳಾಗಿತ್ತು.

ಮಾಲೀಕರು ಬಂದರು

ಅಷ್ಟರಲ್ಲಿ ಮಗಳು ಶಾಲೆಯಿಂದ ಸುದ್ದಿ ತಂದಳು. ನಮ್ಮ ಬೀದಿಯಲ್ಲಿ ಯಾರೋ ಮಾಟ ಮಾಡಿಸುತ್ತಿದ್ದಾರಂತೆ, ಅದು ನಾವೇ ಅಂತೆ. ಹಿಂದೆಯೇ ಅಡ್ಯಾರಿನಲ್ಲಿರುವ ಮನೆ ಮಾಲೀಕರ ಫೋನು: ಕೋಳಿಗಳನ್ನು ಕಳಿಸಿ, ಇಲ್ಲವೇ ಮನೆ ಬಿಡಿ.

"ಕೋಳಿ ಹೋದ್ರ ನಾನೂ ಹೊಕ್ಕೀನಿ," ಎಂದರು ಅತ್ತೆ. "ಗದಗಿನ ಗಾಡಿ ಹತ್ತಿಸಿಬಿಡು." ಅಂದೇ ಟ್ರಂಕಿಗೆ ಸೀರೆ ತುಂಬಿದರು. ಉಪ್ಪು ಹೆಚ್ಚಾಯಿತು, ಖಾರ ಕಮ್ಮಿಯಾಯಿತು ಎಂದು ನಾವಿಬ್ಬರೂ ದಿನಾ ಜಗಳವಾಡುವವರೇ. ಆದರೂ ಆ ಟ್ರಂಕಿನ ಬೀಗದ ಕೈಯನ್ನು ನಾನು ಬಚ್ಚಿಟ್ಟೆ. ಅತ್ತೆ ಇಲ್ಲದ ಅಡುಗೆಮನೆಯ ಮುಂದೆ ಗೋಡೆ ಬಡಿಯುವ ಕೋಳಿಯೇನೂ ದೊಡ್ಡ ಭಯವಲ್ಲ.

ಮಾಲೀಕರು ಭಾನುವಾರ ಮಧ್ಯಾಹ್ನವೇ ಬಂದರು. ದಪ್ಪ ಮೀಸೆಯ ಭಾರಿ ಆಳು. ಹಿಂದೆ ಗೇಟಿನಾಚೆ ಅರ್ಧ ಬೀದಿ. ಅವರು ಸಿಟ್ಟಿನಿಂದ ಬಾಯಿ ತೆರೆದರು, ಅಷ್ಟರಲ್ಲಿ ಮೂಲೆಯಿಂದ ಟಕ್ ಟಕ್ ಟಕ್.

ಅವರ ಮುಖದ ಬಣ್ಣ ಇಳಿಯಿತು. ತಿರುಗಿ ನೋಡಿದರು. ಕಾಳವ್ವನೂ ನಿಧಾನವಾಗಿ ತಿರುಗಿ ಅವರನ್ನು ನೋಡಿದಳು.

"ಅಮ್ಮಾ..." ಎಂದು ಆ ಭಾರಿ ಆಳು ನೆಲಕ್ಕೆ ಕುಸಿದು ಕೂತರು.

ಆಮೇಲೆ ಬಿಕ್ಕುತ್ತ ತಮಿಳಿನಲ್ಲಿ ಹೇಳಿದ್ದಿಷ್ಟು. ತೀರಿಹೋದ ಅವರ ತಾಯಿ ಊಟವಾದ ಮೇಲೆ ಇದೇ ಮೂಲೆಯಲ್ಲಿ ಗೋಡೆಗೊರಗಿ, ಪುಟ್ಟ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರಂತೆ. ಹೀಗೆಯೇ, ಟಕ್ ಟಕ್ ಟಕ್. ಬೆರಳಿಗೆ ಉಳಿದ ಸುಣ್ಣವನ್ನು ಅದೇ ಗೋಡೆಗೆ ಒರೆಸುವರಂತೆ. ಬೇಡವೆಂದು ಇವರು ಎಷ್ಟು ಬೈದರೂ ಕೇಳಲಿಲ್ಲವಂತೆ.

ಸುಣ್ಣ! ನನಗೆ ಥಟ್ಟನೆ ಹೊಳೆಯಿತು. ಮೊಟ್ಟೆ ಇಡುವ ಕೋಳಿಗೆ ಚಿಪ್ಪು ಗಟ್ಟಿಯಾಗಲು ಸುಣ್ಣ ಬೇಕು. ಗೋಡೆಯ ಮೇಲೆ ಇಷ್ಟು ವರ್ಷದ್ದು ಒಣಗಿ ಕೂತಿದೆ. ಅದನ್ನು ಅತ್ತೆಗೆ ಮೆಲ್ಲಗೆ ಉಸುರಿದೆ. ಅತ್ತೆ ನನ್ನ ಕೈ ಚಿವುಟಿದರು.

"ಬಾಯಿ ಮುಚ್ಚು. ಅವರವ್ವ ಬಂದಾಳ ಅಂದ್ರ ಬಂದಾಳ."

ಮಾಲೀಕರು ಕಣ್ಣೊರೆಸಿಕೊಂಡು ಗೇಟಿಗೆ ಹೋಗಿ, ಅಮ್ಮನ ಬಗ್ಗೆ ಯಾರಾದರೂ ಚಕಾರವೆತ್ತಿದರೆ ನೋಡಿ ಎಂದು ಗುಡುಗಿದರು. ಮರುದಿನದಿಂದ ಅರಿಶಿನ ಹಚ್ಚಿದ ಮೊಟ್ಟೆಗೆ ನಮ್ಮ ಮನೆ ಮುಂದೆ ಸಾಲು ನಿಂತಿತು.

ಬಾಳೆಲೆಯ ಪರೀಕ್ಷೆ

ತಾಯಿ ಬಂದ ಮೇಲೆ ಉಪವಾಸ ಕೆಡವಲಾದೀತೆ? ಮುಂದಿನ ಭಾನುವಾರ ಮಾಲೀಕರು ಸಂಸಾರ ಸಮೇತ ಬಂದರು. ತೀರಿಹೋದವರಿಗೆ ಇಷ್ಟವಾದದ್ದನ್ನು ಎಲೆಗೆ ಬಡಿಸಿ ಕೊಡುವುದು ಅವರ ಪದ್ಧತಿ. ಹಿತ್ತಲಿನ ನುಗ್ಗೆಮರದಡಿ ಬಾಳೆಲೆ ಹಾಸಿ, ಕಾಳವ್ವನನ್ನು ಮುಂದೆ ಕೂರಿಸಿ, ಡಬ್ಬಿಯ ಮುಚ್ಚಳ ತೆಗೆದರು. ಘಮಲು ಬಂದದ್ದೇ ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನದು?"

"ನಾಟ್ಟುಕೋಳಿ ಕುಳಂಬು, ಪಾಟ್ಟಿ," ಎಂದು ಮಗಳು ಅಜ್ಜಿಗೆ ತಮಿಳಿನಲ್ಲೇ ಹೇಳಿದಳು.

ಅವರ ತಾಯಿಗೆ ನಾಟಿಕೋಳಿ ಸಾರೆಂದರೆ ಪ್ರಾಣವಂತೆ. ಅತ್ತೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. ಕಾಳವ್ವ ಮುಟ್ಟದಿದ್ದರೆ ಇದು ಅಮ್ಮನಲ್ಲ ಎಂದಾಗುತ್ತದೆ, ಗದಗಿನ ಗಾಡಿ ಖಾಯಂ. ಮುಟ್ಟಿದರೆ, ವಿಭೂತಿ ಹಚ್ಚಿದ ಕೋಳಿ ಕೋಳಿಯನ್ನೇ ತಿಂದಂತೆ. ತಿನ್ನಲಿ ಎಂದು ನಾನು ದೇವರಿಗೆ ಹರಕೆ ಹೊತ್ತೆ. ತಿನ್ನದಿರಲಿ ಎಂದು ಪಕ್ಕದಲ್ಲೇ ಅತ್ತೆ "ಶಿವ ಶಿವಾ" ಎನ್ನುತ್ತಿದ್ದರು.

ಕಾಳವ್ವ ಎಲೆಯನ್ನು ಒಂದು ಸುತ್ತು ಬಂದಳು. ಒಂದು ಕಣ್ಣಿಂದ ನೋಡಿದಳು. ಇನ್ನೊಂದು ಕಣ್ಣಿಂದ ನೋಡಿದಳು. ಮರದ ಎಲೆಯೂ ಅಲುಗಲಿಲ್ಲ. ಆಮೇಲೆ ದೊಡ್ಡ ಕಾಲಿನ ತುಂಡನ್ನೇ ಕಚ್ಚಿಕೊಂಡು ಓಟ ಕಿತ್ತಳು, ಹಿಂದೆ ಬಿಳಿಯವು ಮೂರೂ.

ಮಾಲೀಕರು ಆನಂದದಿಂದ ಅತ್ತರು. "ಅಮ್ಮನೇ! ಕಾಲಿನ ತುಂಡನ್ನು ಯಾವತ್ತೂ ಯಾರಿಗೂ ಕೊಟ್ಟವಳಲ್ಲ!"

ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. ಮುಖ ಬಿಳಿಚಿತ್ತು. "ಯವ್ವಾ, ಶಿವನ ಉಳಿಸಿದ. ಈ ಶ್ರಾವಣದಾಗ ಸ್ವಾಮಿಗಳನ್ನ ಕರಸಿ ಕಾಳವ್ವಗ ಲಿಂಗ ಕಟ್ಟಿಸಬೇಕಂತ ಮಾಡಿದ್ದೆ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆಗೂ ನಗು ಬಂತು. ಕಿಟಕಿಯಾಚೆ ನಾಲ್ಕೂ ಕೋಳಿಗಳು ತುಂಡಿಗಾಗಿ ಕಿತ್ತಾಡುತ್ತಿದ್ದವು. ಮಾಲೀಕರ ಮನೆಯವರು, ನಮ್ಮ ಯಜಮಾನರು, ಮಗಳು, ಎಲ್ಲರೂ ಹಿತ್ತಲಿನಲ್ಲೇ ಇದ್ದರು. ಮನೆಯೊಳಗೆ ನಾವಿಬ್ಬರೇ.

ಆಗ ಖಾಲಿ ಪಡಸಾಲೆಯ ಮೂಲೆಯಿಂದ ಕೇಳಿಸಿತು: ಟಕ್ ಟಕ್ ಟಕ್.

ನನ್ನ ನಗು ನಿಂತಿತು. ಅತ್ತೆ ತಿರುಗಿ ನೋಡಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿ, ನನ್ನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದು, ಪಡಸಾಲೆಯ ಕಡೆಗೆ ಮೃದುವಾಗಿ ಕೂಗಿದರು:

"ಇರುಂಗಮ್ಮಾ, ವೆತ್ತಲೆ ಕೊಂಡು ವರೇನ್!"

ಇರಿ ತಾಯಿ, ವೀಳ್ಯದೆಲೆ ತರುತ್ತೇನೆ ಎಂದು. ಎರಡು ವರ್ಷದಲ್ಲಿ ನಮ್ಮ ಅತ್ತೆ ಆಡಿದ ಮೊದಲ ತಮಿಳು ಮಾತು ಅದು.