ಕಿರೀಟದ ಕೆಳಗಿನ ಹೊಟ್ಟು

ತಲೆಹೊಟ್ಟಿನ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ ನಾನು. ನೆಲ ಒಣಗಿ ಹಕ್ಕಳೆ ಎದ್ದರೆ ನಾಲೆಗೆ ನೀರು ಬಿಡುತ್ತೇವೆ. ತಲೆ ಒಣಗಿ ಹಕ್ಕಳೆ ಎದ್ದರೆ ಎಣ್ಣೆ ಬಿಡಬೇಕು. ಇಷ್ಟಕ್ಕೆಲ್ಲ ಡಾಕ್ಟರು ಯಾಕೆ?

ಆ ವರ್ಷ ನನ್ನ ತಲೆ ಸಾಮಾನ್ಯದ ತಲೆಯಾಗಿರಲಿಲ್ಲ. ನಮ್ಮೂರು ಚಿನಕುರಳಿಯ ನಾಟಕ ಮಂಡಳಿಯಲ್ಲಿ ಬಹಳ ಕಾಲ "ಪ್ರಭೂ, ದೂತ ಬಂದಿದ್ದಾನೆ" ಎಂಬ ಒಂದೇ ಮಾತು ಹೇಳಿ ಸವೆದಿದ್ದೆ. ಕೊನೆಗೂ ನನಗೆ ರಾಜನ ಪಾರ್ಟು ಸಿಕ್ಕಿತ್ತು! ಕಿರೀಟ ಇಡುವ ತಲೆ ಅದು.

ಆದರೆ ಹೊಟ್ಟು ತಲೆಯಲ್ಲೇ ನಿಲ್ಲಲಿಲ್ಲ. ಹುಬ್ಬಿಗಿಳಿಯಿತು. ಮೂಗಿನ ಅಕ್ಕಪಕ್ಕ ಕೆಂಪಗೆ ಸಿಪ್ಪೆ ಎದ್ದಿತು. ಹೆಂಡತಿ ಪದ್ಮ ದಿನಾ ಗೊಣಗತೊಡಗಿದಳು.

"ಮೈಸೂರ್ಗೋಗಿ ಚರ್ಮದ ಡಾಕ್ಟ್ರಿಗೆ ತೋರ್ಸ್ಕಬಾರ್ದಾ?"

"ಉಷ್ಣ ಕಣೇ. ಎಣ್ಣೆ ಸಾಲ್ತಿಲ್ಲ."

"ನಿಮ್ ದಿಂಬು ಇಂಡುದ್ರೆ ಒಗ್ಗರಣೆಗಾಯ್ತದೆ. ಇನ್ನೂ ಸಾಲ್ದಾ?"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಕೊಬ್ಬರಿ ಎಣ್ಣೆ, ಸಂಜೆ ಹರಳೆಣ್ಣೆ. ಹೊಟ್ಟು ಹೆಚ್ಚಿತು. ಎಣ್ಣೆಯನ್ನೂ ಹೆಚ್ಚಿಸಿದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ! ನಾಟಕದ ದಿನ ಮುಂಜಾಗ್ರತೆಗೆಂದು ಅರ್ಧ ಬಾಟಲಿ ಸುರಿದುಕೊಂಡು, ಅದರ ಮೇಲೆ ವಿಗ್ಗು, ವಿಗ್ಗಿನ ಮೇಲೆ ಕಿರೀಟ ಏರಿಸಿಕೊಂಡೆ.

ಮೊದಲ ಹಾಡಿನವರೆಗೂ ನಾನು ರಾಜನೇ. ಆಮೇಲೆ ದೀಪದ ಶಾಖಕ್ಕೆ ಬೆವರಿತು. ಬೆವರಿಗೆ ತುರಿಕೆ ಶುರುವಾಯಿತು. ಸಿಂಹಾಸನದಲ್ಲಿ ಕೂತವನು ಕೆರೆದುಕೊಳ್ಳುವುದು ರಾಜಮರ್ಯಾದೆಗೆ ತಕ್ಕುದಲ್ಲ. ಹುಬ್ಬು ಕುಣಿಸಿದೆ. ಮೂಗು ಸೊಟ್ಟಗೆ ಮಾಡಿದೆ. ರಾಜನಿಗೆ ಸಿಟ್ಟು ಬಂದಿದೆ ಎಂದುಕೊಂಡು ಜನ ಶಿಳ್ಳೆ ಹೊಡೆದರು! ಕೊನೆಗೆ ತಡೆಯಲಾರದೆ ಮರದ ಕತ್ತಿಯ ತುದಿಯನ್ನು ಕಿರೀಟದೊಳಗೆ ತೂರಿಸಿ ಒಂದೇ ಸಲ ಕೆರೆದೆ. ಆಹಾ! ಆ ಸುಖಕ್ಕೆ ಅರ್ಧ ರಾಜ್ಯ ಬರೆದುಕೊಡಬಹುದಿತ್ತು.

ಎಣ್ಣೆಯ ಮೇಲೆ ಕೂತಿದ್ದ ವಿಗ್ಗಿಗೆ ಅಷ್ಟೇ ಸಾಕಾಯಿತು. ಕಿರೀಟದ ಸಮೇತ ಜಾರಿ, ನಮಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರ ತೊಡೆಯ ಮೇಲೆ ಬಿತ್ತು. ಇನ್ನು ಮುಚ್ಚಿಡುವುದೇನಿದೆ? ಎರಡೂ ಕೈಯಲ್ಲಿ ಕೆರೆದುಕೊಂಡೆ. ಹೊಟ್ಟು ರಾಣಿಯ ಸೀರೆಯ ಮೇಲೆಲ್ಲ ಉದುರಿತು.

"ಒನ್ಸ್ ಮೋರ್!" ಎಂದು ಜನ ಕೂಗಿದರು.

ಮೇಷ್ಟ್ರು ಪರದೆ ಎಳೆಸಿದರು. "ಮಂಡ್ಳಿ ಮಾನ ಕಳುದ್ಬುಟ್ಯಲ್ಲಲಾ! ಆ ತಲೆ ಸರಿ ಮಾಡ್ಕೊಳಗಂಟ ಈ ಕಡೆ ಬರ್ಬ್ಯಾಡ!"

ರಾಜ್ಯ ಹೋಗುವ ಭಯಕ್ಕೆ ಮೈಸೂರಿಗೆ ಓಡಿದೆ. ಪದ್ಮಳೂ ಬಂದಳು. ಡಾಕ್ಟರು ಏನು ಹಚ್ಚುತ್ತೀರಿ ಎಂದರು. ಹೆಮ್ಮೆಯಿಂದ ಹೇಳಿದೆ.

"ಒಳ್ಳೇ ಊಟ ಹಾಕಿದ್ದೀರಿ."

"ಯಾರಿಗೆ ಸಾರ್?"

ಎಲ್ಲರ ಚರ್ಮದ ಮೇಲೂ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ ಇರುತ್ತದಂತೆ. ಅದಕ್ಕೆ ಜಿಡ್ಡೇ ಆಹಾರ. ಹಾಗಾಗಿ ಜಿಡ್ಡು ಹೆಚ್ಚಿರುವ ನೆತ್ತಿ, ಹುಬ್ಬು, ಮೂಗಿನ ಪಕ್ಕ ಅದಕ್ಕೆ ಇಷ್ಟ. ಅದು ಜಿಡ್ಡನ್ನು ಒಡೆದು ತಿಂದು ಉಳಿಸುವ ಆಮ್ಲ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಚರ್ಮ ಕೆಂಪಾಗಿ ಕೆರಳಿ, ಅವಸರದಲ್ಲಿ ಹೊಸ ಪದರ ಬೆಳೆಸಿ ಹಳೆಯದನ್ನು ಉದುರಿಸುತ್ತದೆ. ಚಳಿಗಾಲ, ಮನಸ್ಸಿನ ಆತಂಕ ಸೇರಿದರೆ ಇನ್ನೂ ಜೋರು.

"ಅಂದ್ರೆ ನನ್ ತಲೆ ಒಣಗಿರ್ಲಿಲ್ವಾ ಸಾರ್?"

"ಒಣಗೋದೆಲ್ಲಿ ಬಂತು? ನೀವು ತಲೆ ಮೇಲೆ ಅನ್ನಛತ್ರ ನಡೆಸ್ತಿದ್ರಿ."

ಪದ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ಎಣ್ಣೆ ನಿಂತಿತು. ಔಷಧಿಯ ಶಾಂಪು ಬಂತು. ಕೆಲವು ವಾರಗಳಲ್ಲಿ ತಲೆ ತಿಳಿಯಾಯಿತು. ಮೇಷ್ಟ್ರ ಮುಂದೆ ಹೋಗಿ ಬಗ್ಗಿ ನಿಂತೆ.

"ನೋಡಿ ಮೇಷ್ಟ್ರೇ, ಒಂದ್ ಚೂರೂ ಇಲ್ಲ! ರಾಜನ ಪಾರ್ಟು ನಂಗೇ ತಾನೇ?"

ಮೇಷ್ಟ್ರು ಹಣೆ ಚಚ್ಚಿಕೊಂಡರು. "ಎಂಥಾ ಕೆಲ್ಸ ಮಾಡ್ಬುಟ್ಯೋ! ಮಾಕವಳ್ಳಿಯೋರು ನಾಟಕ ಆಡ್ಸಿ ಅಂತ ಕರೀತಾವ್ರೆ. ಆ ಕೆರ್ಕೊಳೋ ರಾಜ ಇದ್ರೇನೇ ಅಂತೆ ಕಣ್ಲಾ!"

"ಅದಕ್ಕೇನಂತೆ? ಕೆರ್ಕೊಳೋ ಆಂಗೆ ಆಕ್ಟಿಂಗ್ ಮಾಡ್ತೀನಿ."

"ನೀನ್ ಆಕ್ಟಿಂಗ್ ಮಾಡುದ್ರೆ ಎಂಗಿರ್ತದೆ ಅಂತ ನಂಗೊತ್ತಿಲ್ವಾ?"

ಅವರು ಹೇಳಿದ್ದು ಸುಳ್ಳಲ್ಲ. ನನ್ನ ಹಾಡಿಗೆ ಯಾರೂ ಒನ್ಸ್ ಮೋರ್ ಅಂದಿರಲಿಲ್ಲ. ಮಂಡಳಿಯ ನಿಜವಾದ ಕಲಾವಿದ ನನ್ನ ನೆತ್ತಿಯ ಮೇಲಿದ್ದ ಆ ಶಿಲೀಂಧ್ರ. ಅದನ್ನು ಉಪವಾಸ ಕೆಡವಿದವನು ನಾನೇ!